ಎಂಜಿನ್ ಬಿಸಿಯಾಗುವ ಕಾರಣ ಹುಡುಕದೆ ಬಿಡಿಭಾಗ ಬದಲಿಸಿ ಹಣ ಪಡೆದ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಪ್ರಧಾನ ಕಚೇರಿ, ಹುಬ್ಬಳ್ಳಿ

ಮಾನ್ಯರೇ,

ನಿಮ್ಮ ಪುಣೆಯ ಸರ್ವಿಸ್ ಸೆಂಟರಿನಲ್ಲಿ ನನ್ನ ಪೆಟ್ರೋಲ್ ಕಾರಿಗೆ ಮಾಡಿದ ಕೆಲಸದ ಬಗ್ಗೆ ಈ ದೂರು. ಅಲ್ಲಿನ ವ್ಯವಸ್ಥಾಪಕರಿಗೆ ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿ ಸಾಕಾಗಿದೆ. ನಿಮ್ಮ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲಿದೆ ಎಂದು ತಿಳಿದು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ.

ಏಪ್ರಿಲ್ ಬಿಸಿಲಿನಲ್ಲಿ ಸಿಂಹಗಡ ರಸ್ತೆಯ ವಾಹನ ದಟ್ಟಣೆಯಲ್ಲಿ ನಿಂತಾಗಲೆಲ್ಲ ಕಾರಿನ ತಾಪಮಾನದ ಮುಳ್ಳು ಮೇಲೇರುತ್ತಿತ್ತು. ರಸ್ತೆ ತೆರವಾಗಿ ವೇಗ ಹಿಡಿದರೆ ತಾನಾಗಿಯೇ ಕೆಳಗಿಳಿಯುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ಕೂಡ ತಣ್ಣಗಿನ ಗಾಳಿ ಕೊಡುತ್ತಿರಲಿಲ್ಲ. ಈ ಎಲ್ಲವನ್ನೂ ನಿಮ್ಮ ಸರ್ವಿಸ್ ಅಡ್ವೈಸರ್‌ಗೆ ವಿವರವಾಗಿ ಹೇಳಿದ್ದೆ. ಗ್ರಾಹಕರ ದೂರು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಅವರು ಬರೆದುಕೊಂಡದ್ದು ‘ಎಂಜಿನ್ ಹೀಟ್’ ಎಂಬ ಎರಡೇ ಪದ. ಯಾವಾಗ, ಎಲ್ಲಿ, ಹೇಗೆ ಎಂಬ ಒಂದು ಮಾತೂ ಅದರಲ್ಲಿಲ್ಲ. ಎಸಿಯ ವಿಷಯವನ್ನು ಬೇರೆಯದೇ ದೋಷವೆಂದು ತಿಳಿದು ಗ್ಯಾಸ್ ತುಂಬಿಸಲು ಸಲಹೆ ಕೊಟ್ಟರು.

ನನ್ನ ಅಸಮಾಧಾನದ ಮೂಲ ಇಲ್ಲಿಯೇ ಇದೆ. ಓಡುವ ಕಾರಿನಲ್ಲಿ ಎಂಜಿನ್ನಿನ ಬಿಸಿಯನ್ನು ಹೊರಹಾಕುವ ರೇಡಿಯೇಟರ್‌ಗೆ ಎದುರುಗಾಳಿ ಸಿಗುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ. ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಇರುವುದೂ ರೇಡಿಯೇಟರಿನ ಮುಂದೆಯೇ, ಅದಕ್ಕೂ ಅದೇ ಫ್ಯಾನಿನ ಗಾಳಿ ಬೇಕು. ನಿಂತಾಗ ಮಾತ್ರ ಎಂಜಿನ್ ಕಾಯುತ್ತದೆ, ನಿಂತಾಗ ಮಾತ್ರ ಎಸಿ ಸೋಲುತ್ತದೆ ಎಂದರೆ ಮೊದಲು ನೋಡಬೇಕಾದದ್ದು ಫ್ಯಾನನ್ನು. ಬಾನೆಟ್ ತೆರೆದು, ಎಸಿ ಹಾಕಿ, ಎರಡು ನಿಮಿಷ ನಿಂತು ನೋಡುವಷ್ಟೇ ಕೆಲಸ ಅದು. ನಿಮ್ಮವರು ಅದನ್ನು ಬಿಟ್ಟು, ಮೊದಲ ಸಲ ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಬದಲಿಸಿ ಬಿಲ್ ಮಾಡಿದರು. ಮುಳ್ಳು ಮತ್ತೆ ಏರಿದಾಗ, ಕೂಲಂಟಿನ ಹರಿವನ್ನು ತಾಪಕ್ಕೆ ತಕ್ಕಂತೆ ತೆರೆದು ಮುಚ್ಚುವ ಕವಾಟವಾದ ಥರ್ಮೋಸ್ಟಾಟ್ ಕೆಟ್ಟಿದೆ ಎಂದು ಹೊಸದನ್ನು ಹಾಕಿ, ‘ಇನ್ನು ಧೈರ್ಯವಾಗಿ ಊರಿಗೆ ಹೋಗಿ ಬನ್ನಿ’ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಆ ಮಾತು ನಂಬಿ ಬೆಳಗಾವಿಗೆ ಹೊರಟೆವು. ಖಂಬಾಟ್ಕಿ ಘಾಟಿನಲ್ಲಿ ಲಾರಿಗಳ ಹಿಂದೆ ಆಮೆವೇಗದಲ್ಲಿ ಏರುವಾಗ ಮುಳ್ಳು ಕೆಂಪು ಗೆರೆ ಮುಟ್ಟಿತು. ವಯಸ್ಸಾದ ತಾಯಿಯನ್ನು ಬಿಸಿಲಿನಲ್ಲಿ ರಸ್ತೆ ಬದಿಯ ತಡೆಗೋಡೆಯ ಪಕ್ಕ ಕೂರಿಸಿ, ಎಂಜಿನ್ ತಣಿಯುವವರೆಗೆ ಕಾಯಬೇಕಾಯಿತು. ಇನ್ನೂ ಸ್ವಲ್ಪ ದೂರ ಹಾಗೆಯೇ ಓಡಿಸಿದ್ದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವ ಸಂಭವವಿತ್ತು. ಅದು ನಿಮ್ಮ ತಂತ್ರಜ್ಞರಿಗೆ ಗೊತ್ತಿಲ್ಲದ ಸಂಗತಿಯಲ್ಲ.

ಪುಣೆಗೆ ಮರಳಿದ ಮೇಲೆ ನಿಮ್ಮ ಶಾಖೆ ಕೊಟ್ಟ ಉತ್ತರ: ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ನಡುವೆ ಸೋರದಂತೆ ತಡೆಯುವ ಪದರ) ಹೋಗಿದೆ, ಹೆಡ್ ಬಿಚ್ಚಬೇಕು, ಅಂದಾಜು 48,000 ರೂಪಾಯಿ. ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ಕೇಳಿದೆ. ‘ಅನುಭವದ ಮೇಲೆ’ ಎಂದರು. ಗ್ಯಾಸ್ಕೆಟ್ ಹೋದಾಗ ಕಾಣುವ ಲಕ್ಷಣಗಳು ನನ್ನ ಕಾರಿನಲ್ಲಿ ಇರಲಿಲ್ಲ. ಕೂಲಂಟ್ ಮಟ್ಟ ಇಳಿದಿರಲಿಲ್ಲ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿರಲಿಲ್ಲ. ಉರಿದ ಅನಿಲ ಕೂಲಂಟಿಗೆ ಸೇರುತ್ತಿದೆಯೇ ಎಂದು ತೋರಿಸುವ ನೀಲಿ ದ್ರಾವಣದ ಪರೀಕ್ಷೆಯಿದೆ. ಗ್ಯಾಸ್ಕೆಟ್ ಸೋರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ಅದನ್ನೂ ಮಾಡಲಿಲ್ಲ, ಒತ್ತಡದ ಪರೀಕ್ಷೆಯನ್ನೂ ಮಾಡಲಿಲ್ಲ. ಅಷ್ಟು ದೊಡ್ಡ ಮೊತ್ತ ಹೇಳುವ ಮುನ್ನ ಇಷ್ಟನ್ನಾದರೂ ಮಾಡುವುದು ಗ್ರಾಹಕನಿಗೆ ತೋರಿಸಬೇಕಾದ ಕನಿಷ್ಠ ಮರ್ಯಾದೆ.

ನಾನು ಒಪ್ಪದೆ ಕಾರನ್ನು ನಾನಾ ಪೇಟೆಯ ಹತ್ತಿರದ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಮೊದಲು ಕೇಳಿದ್ದೇ ‘ನಿಂತಾಗ ಕಾಯುತ್ತದೆಯೋ, ಓಡುವಾಗಲೋ?’ ಎಂದು. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿದರು. ಫ್ಯಾನ್ ಅಲುಗಲಿಲ್ಲ. ರೇಡಿಯೇಟರಿನ ಮೇಲಿನ, ಕೆಳಗಿನ ಹೋಸ್ ಪೈಪುಗಳೆರಡೂ ಬಿಸಿಯಾಗಿದ್ದವು, ಅಂದರೆ ಕೂಲಂಟ್ ಸರಿಯಾಗಿ ಹರಿಯುತ್ತಿತ್ತು. ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟೊಡನೆ ಫ್ಯಾನ್ ಭರ್ರನೆ ತಿರುಗಿತು. ಆಮೇಲೆ ಫ್ಯೂಸ್ ಡಬ್ಬಿಯಿಂದ ಫ್ಯಾನಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇ ಕಿತ್ತು ನನ್ನ ಅಂಗೈ ಮೇಲಿಟ್ಟರು. ಅದರ ಒಂದು ಕಾಲು ಸುಟ್ಟು ಕಪ್ಪಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ಒಂದು ಕಡೆಗೆ ವಾಲಿತ್ತು. ಹೊಸ ರಿಲೇ, ಅದು ಕೂರುವ ಸಾಕೆಟ್, ಕೂಲಿ ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಅಂದಿನಿಂದ ಎಂಥ ದಟ್ಟಣೆಯಲ್ಲೂ ಮುಳ್ಳು ಅರ್ಧ ದಾಟಿಲ್ಲ, ಎಸಿಯೂ ಗ್ಯಾಸ್ ತುಂಬಿಸದೆಯೇ ಸರಿಹೋಗಿದೆ.

ನಿಮ್ಮವರು ತೆಗೆದ ಹಳೆಯ ಥರ್ಮೋಸ್ಟಾಟನ್ನು ನಾನು ಕೇಳಿ ಪಡೆದಿದ್ದೆ. ಅದರ ಅಂಚಿನಲ್ಲಿ 82 ಡಿಗ್ರಿ ಎಂದು ಅಚ್ಚಾಗಿದೆ, ಅಂದರೆ ಕವಾಟ ತೆರೆಯತೊಡಗಬೇಕಾದ ತಾಪಮಾನ. ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿದಾಗ, ನೀರು ಕುದಿ ಬರುವ ಮೊದಲೇ ಕವಾಟ ತೆರೆದುಕೊಂಡಿತು. ತಣಿದ ಮೇಲೆ ಮುಚ್ಚಿಕೊಂಡಿತು. ಕೆಟ್ಟಿರದ ಭಾಗಕ್ಕೆ ನನ್ನಿಂದ ಹಣ ಪಡೆಯಲಾಗಿದೆ. ಇದರ ವಿಡಿಯೋ, ಸುಟ್ಟ ರಿಲೇಯ ಚಿತ್ರ, ಎಲ್ಲ ಬಿಲ್‌ಗಳು ಮತ್ತು ಜಾಬ್ ಕಾರ್ಡ್‌ಗಳ ಪ್ರತಿಗಳನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ.

ಕೂಲಂಟ್, ಥರ್ಮೋಸ್ಟಾಟ್ ಮತ್ತು ಅವುಗಳ ಕೂಲಿಯ ಪೂರ್ತಿ ಮೊತ್ತವನ್ನು ನನಗೆ ಹಿಂದಿರುಗಿಸಬೇಕು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಯಾರು, ಏನನ್ನು ನೋಡಿ ತೀರ್ಮಾನಿಸಿದರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಆ ಶಾಖೆಯಲ್ಲಿ ಗ್ರಾಹಕರು ಹೇಳುವ ಲಕ್ಷಣಗಳನ್ನು ಜಾಬ್ ಕಾರ್ಡಿನಲ್ಲಿ ಪೂರ್ತಿಯಾಗಿ ಬರೆದುಕೊಳ್ಳುವ ಕ್ರಮ ಜಾರಿಗೆ ಬರಬೇಕು. ನನಗೆ ಹಣಕ್ಕಿಂತ ಇದು ಮುಖ್ಯ, ಏಕೆಂದರೆ ಆ 48,000 ರೂಪಾಯಿಯ ಅಂದಾಜನ್ನು ನಂಬಿ ಒಪ್ಪಿಕೊಳ್ಳುವವರೂ ಇರುತ್ತಾರೆ.

15 ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಇತ್ಯರ್ಥವಾಗದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಯ ಪ್ರಕರಣವಾಗಿ ಪುಣೆಯ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಹೋಗುತ್ತೇನೆ.

ಇಂತಿ,
ನಿಮ್ಮ ಪುಣೆ ಶಾಖೆಯ ಗ್ರಾಹಕ,
ಕೋಥರೂಡ, ಪುಣೆ