ಎನ್‌ಎಂಪಿ22 ಪರೀಕ್ಷೆ ನಿಲ್ಲಿಸುತ್ತಿರುವ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯರೇ,

ಬರುವ ತಿಂಗಳ ಒಂದನೆಯ ತಾರೀಖಿನಿಂದ ನಮ್ಮ ಪ್ರಯೋಗಾಲಯದಲ್ಲಿ ಮೂತ್ರಕೋಶದ ಕ್ಯಾನ್ಸರಿನ ಎನ್‌ಎಂಪಿ22 ಕಿಟ್ ಪರೀಕ್ಷೆ ಇರುವುದಿಲ್ಲ. ನಾಲ್ಕು ಹನಿ ಮೂತ್ರ ಹಾಕಿ ಅರ್ಧ ಗಂಟೆಯಲ್ಲಿ ಫಲಿತಾಂಶ ಕೊಡುತ್ತಿದ್ದೆವಲ್ಲ, ಅದೇ. ಮೂತ್ರದ ಸೈಟಾಲಜಿ, ಅಂದರೆ ಮೂತ್ರದಲ್ಲಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮುಂದುವರಿಯುತ್ತದೆ, ಅದರ ದರ 150 ರೂಪಾಯಿ ಹೆಚ್ಚುತ್ತದೆ. ಜೀವಕೋಶಗಳ ವರ್ಣತಂತುಗಳನ್ನು ನೋಡುವ ಫಿಶ್ ಪರೀಕ್ಷೆಗೆ ಮೂತ್ರರೋಗ ತಜ್ಞರ ಚೀಟಿ ಇದ್ದರೆ ಮಾತ್ರ ಮಾದರಿಯನ್ನು ಬೆಂಗಳೂರಿಗೆ ಕಳುಹಿಸುತ್ತೇವೆ.

ಈ ವಿಷಯ ತಿಳಿದ ಮೇಲೆ ಕೌಂಟರಿನಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ಒಂದೇ: "ಬೇಗ ಸಿಗುತ್ತಿದ್ದ ಪರೀಕ್ಷೆ ನಿಲ್ಲಿಸಿ, ದುಬಾರಿ ಪರೀಕ್ಷೆಗೆ ತಳ್ಳಿ ಹಣ ಮಾಡುತ್ತಿದ್ದೀರಿ." ಹಾಗೆಂದವರು ಹೊಸಬರಲ್ಲ, ಮೂರು ಮೂರು ತಿಂಗಳಿಗೊಮ್ಮೆ ನಮ್ಮ ಬಾಗಿಲಿಗೆ ಬರುವವರು. ಅದಕ್ಕೇ ಮನಸ್ಸಿಗೆ ನಾಟಿತು, ಅದಕ್ಕೇ ಈ ಪತ್ರ.

ಎನ್‌ಎಂಪಿ22 ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿರುವ ಒಂದು ಪ್ರೋಟೀನ್. ಜೀವಕೋಶ ಸತ್ತು ಒಡೆದಾಗ ಮೂತ್ರಕ್ಕೆ ಸೇರುತ್ತದೆ. ಗಡ್ಡೆ ಇದ್ದರೆ ಹೆಚ್ಚು ಸೇರುತ್ತದೆ, ನಿಜ. ಕಲ್ಲಿದ್ದರೂ ಸೇರುತ್ತದೆ, ಸೋಂಕಿದ್ದರೂ ಸೇರುತ್ತದೆ, ಕ್ಯಾಥೆಟರ್ ಹಾಕಿ ತೆಗೆದ ಮೇಲೂ ಸೇರುತ್ತದೆ. ಎಲ್ಲಿಂದ ಬಂತೆಂದು ಕಿಟ್ ಹೇಳಲಾರದು. ನಮ್ಮ 'ಪಾಸಿಟಿವ್' ವರದಿ ಹಿಡಿದುಕೊಂಡು ಹೋದ ಒಂದು ಕುಟುಂಬ ಸಿಸ್ಟೋಸ್ಕೋಪಿ (ಮೂತ್ರಕೋಶದೊಳಗೆ ನಳಿಕೆ ಹಾಕಿ ನೋಡುವ ತಪಾಸಣೆ) ಆಗುವವರೆಗೆ ಮೂರು ವಾರ ಅನ್ನ ನಿದ್ದೆ ಬಿಟ್ಟಿತ್ತು. ಕೊನೆಗೆ ಸಿಕ್ಕಿದ್ದು ಕಲ್ಲು.

ಅದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು. ಸಣ್ಣ, ಕಡಿಮೆ ದರ್ಜೆಯ (ನಿಧಾನವಾಗಿ ಬೆಳೆಯುವ) ಗಡ್ಡೆಗಳು ಈ ಕಿಟ್‌ಗೆ ಎಷ್ಟೋ ಸಲ ಸಿಗುವುದೇ ಇಲ್ಲ. 'ನೆಗೆಟಿವ್' ಎಂಬ ನಮ್ಮ ಕಾಗದ ನಂಬಿ ಹಿರಿಯರೊಬ್ಬರು ಎರಡು ಸಲ ಸಿಸ್ಟೋಸ್ಕೋಪಿ ತಪ್ಪಿಸಿಕೊಂಡರು. ಮುಂದೆ ಹೋದಾಗ ಗಡ್ಡೆ ಮರಳಿತ್ತು. ಇದು ಸಿಸ್ಟೋಸ್ಕೋಪಿಗೆ ಬದಲಿಯಲ್ಲವೆಂದು ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದೆವು. ಎದುರು ಕೂರಿಸಿಕೊಂಡು ಹೇಳಬೇಕಿತ್ತು, ಹೇಳಲಿಲ್ಲ. ಆ ತಪ್ಪು ನಮ್ಮದು. ಕ್ಷಮೆ ಕೇಳುತ್ತೇವೆ.

ಕಡಿಮೆ ದರ್ಜೆಯ ಗಡ್ಡೆಗಳ ವಿಷಯದಲ್ಲಿ ಸೈಟಾಲಜಿಯೂ ಸೋಲುತ್ತದೆ. ಆದರೆ ಹೆಚ್ಚಿನ ದರ್ಜೆಯ ಕ್ಯಾನ್ಸರ್ ಇದೆಯೆಂದು ಅದು ಹೇಳಿದರೆ ಆ ಮಾತಿಗೆ ತೂಕವಿದೆ. 1945ರಲ್ಲಿ ಸಂಶೋಧಕರಾದ ಪಾಪನಿಕೊಲಾವ್ ಮತ್ತು ಮಾರ್ಷಲ್ ತೋರಿಸಿಕೊಟ್ಟ ಈ ದಾರಿಯನ್ನು ವೈದ್ಯರು ಇಂದಿಗೂ ಬಿಟ್ಟಿಲ್ಲ. ನಮ್ಮ ಪ್ಯಾಥಾಲಜಿಸ್ಟ್ ಪ್ರತಿ ಸ್ಲೈಡನ್ನೂ ತಾವೇ ನೋಡುತ್ತಾರೆ, ಪ್ಯಾರಿಸ್ ಪದ್ಧತಿ ಎಂಬ ಅಂತರರಾಷ್ಟ್ರೀಯ ಮಾದರಿಯಂತೆ ವರದಿ ಬರೆಯುತ್ತಾರೆ, ಅನುಮಾನ ಬಂದರೆ ಮರುದಿನ ಮತ್ತೆ ನೋಡುತ್ತಾರೆ. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆಯಿದೆ.

ಇನ್ನು ಹಣದ ಮಾತು. ಕಿಟ್‌ಗಳನ್ನು ಪೆಟ್ಟಿಗೆಯ ಲೆಕ್ಕದಲ್ಲೇ ಕೊಳ್ಳಬೇಕು. ತಿಂಗಳಿಗೆ ನಾಲ್ಕೈದು ಜನ ಬರುವ ಊರಿನಲ್ಲಿ ಅವಧಿ ಮೀರಿ ಎಸೆದ ಕಿಟ್‌ಗಳ ನಷ್ಟವನ್ನು ನಾವೇ ಹೊತ್ತಿದ್ದೇವೆ. ರೋಗಪತ್ತೆಯ ಸೇವೆಗೆ ನಿಮ್ಮಿಂದ ಜಿಎಸ್‌ಟಿ ಪಡೆಯುವಂತಿಲ್ಲ, ಅದು ಸರಿಯೇ. ಆದರೆ ಕಿಟ್, ಸ್ಲೈಡ್, ಬಣ್ಣದ ದ್ರಾವಣಗಳಿಗೆ ನಾವು ತೆತ್ತ ಜಿಎಸ್‌ಟಿ ನಮಗೆ ಮರಳುವುದೂ ಇಲ್ಲ. ಇದನ್ನು ಯಾರೂ ಕೇಳುವುದಿಲ್ಲ. ಫಿಶ್ ಪರೀಕ್ಷೆಯಲ್ಲಿ 3, 7, 17ನೆಯ ವರ್ಣತಂತುಗಳಿಗೂ 9ನೆಯದರ ಒಂದು ಭಾಗಕ್ಕೂ ಹೊಳೆಯುವ ಪ್ರೋಬ್ (ಗುರುತು) ಅಂಟಿಸಿ, ಕನಿಷ್ಠ 25 ಜೀವಕೋಶಗಳನ್ನು ಒಂದೊಂದಾಗಿ ನೋಡಿ ಎಣಿಸಬೇಕು. ಅದರ ಶುಲ್ಕ ಪೂರ್ತಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುತ್ತದೆ. ನಾವು ಪಡೆಯುವುದು ಐಸ್ ಪೆಟ್ಟಿಗೆ ಮತ್ತು ಕೊರಿಯರಿನ ಖರ್ಚನ್ನು ಮಾತ್ರ. 'ಕಮಿಷನ್' ಎಂದವರು ದಯವಿಟ್ಟು ಬಂದು ಬಿಲ್ಲುಗಳನ್ನು ನೋಡಬೇಕು.

ಸೈಟಾಲಜಿಗೆ ಬೆಳಗಿನ ಮೊದಲ ಮೂತ್ರ ಬೇಡ. ರಾತ್ರಿಯಿಡೀ ನಿಂತ ಮೂತ್ರದಲ್ಲಿ ಜೀವಕೋಶಗಳು ಕೆಟ್ಟಿರುತ್ತವೆ. ಎರಡನೆಯ ಸಲದ್ದನ್ನು ಇಲ್ಲಿಗೇ ಬಂದು ಕೊಡಿ. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗಾಗಿ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾದರಿ ಪಡೆಯುತ್ತೇವೆ. ಚಿಕಿತ್ಸೆಗಾಗಿ ಮೂತ್ರಕೋಶಕ್ಕೆ ಬಿಸಿಜಿ ಔಷಧಿ ಹಾಕಿಸಿಕೊಂಡಿದ್ದರೆ ಆ ದಿನಾಂಕ ತಪ್ಪದೆ ತಿಳಿಸಿ, ಅದರ ಉರಿಯೂತ ಸ್ಲೈಡಿನಲ್ಲಿ ಕ್ಯಾನ್ಸರಿನಂತೆ ಕಂಡು ದಾರಿ ತಪ್ಪಿಸಬಹುದು.

ವೈದ್ಯರು ಕೊಟ್ಟ ಸಿಸ್ಟೋಸ್ಕೋಪಿ ದಿನಾಂಕವನ್ನು ನಮ್ಮ ಯಾವ ವರದಿ ನೋಡಿಯೂ ಮುಂದೂಡಬೇಡಿ. ಹಳೆಯ ಎನ್‌ಎಂಪಿ22 ವರದಿ ಮನೆಯಲ್ಲಿದ್ದರೆ ತನ್ನಿ. ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ನಾನೇ ಕುಳಿತು ವಿವರಿಸುತ್ತೇನೆ. ಅದಕ್ಕೆ ಶುಲ್ಕವಿಲ್ಲ, ಟೋಕನ್ನೂ ಬೇಡ.

ಇಂತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕ ಪಾಲುದಾರ