ಅಂಗಿಯ ಮೇಲಿನ ಬರಹ

ಗದಗ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ.

ನಾಲ್ಕನೆಯ ತರಗತಿಯ ಮಕ್ಕಳು ಜೀವನಚರಿತ್ರೆಯ ಪಾಠವನ್ನು ಎಲ್ಲಿಯೂ ತಡವರಿಸದೆ ಓದುತ್ತಾರೆ, ಆದರೆ ಪುಸ್ತಕ ಮುಚ್ಚಿಸಿ ಏನು ಓದಿದಿರಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ ಎಂದು ಬರೆದಿದ್ದೀಯೆ. ಇದಕ್ಕೆ ಮಕ್ಕಳನ್ನು ದೂರಬೇಡ. ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಜೀವನಚರಿತ್ರೆಯೆಂದರೆ ಹುಟ್ಟಿದ ಊರು, ತಂದೆ ತಾಯಿಯ ಹೆಸರು, ಬಂದ ಪ್ರಶಸ್ತಿ, ತೀರಿಕೊಂಡ ದಿನ ಎಂದೇ ತಿಳಿದು ಅಷ್ಟನ್ನೂ ಬಾಯಿಪಾಠ ಮಾಡಿಸುತ್ತಿದ್ದೆ. ಒಮ್ಮೆ ತನಿಖೆಗೆ ಬಂದ ಅಧಿಕಾರಿಗಳು, ‘ವಿದ್ಯೆಗಾಗಿ ಊರೂರು ಅಲೆದರು’ ಎಂಬ ಸಾಲನ್ನು ಸೊಗಸಾಗಿ ಓದಿದ ಹುಡುಗನನ್ನು ‘ಅಲೆ’ ಎಂದರೇನು ಎಂದು ಕೇಳಿದರು. ಅವನು ಧೈರ್ಯವಾಗಿ ‘ಸಮುದ್ರದಾಗ ಬರತಾವಲ್ರೀ ಸರ, ಅವು’ ಎಂದ. ಅಧಿಕಾರಿಗಳು ನಕ್ಕರು, ನಾನು ತಲೆ ತಗ್ಗಿಸಿದೆ. ‘ಅಡ್ಡಾಡಿದರು’ ಎಂಬ ಅವನ ಮನೆಯ ಮಾತನ್ನು ಆ ಸಾಲಿನ ಪಕ್ಕಕ್ಕೆ ನಾನು ಒಮ್ಮೆಯಾದರೂ ತಂದಿದ್ದರೆ ಹಾಗಾಗುತ್ತಿರಲಿಲ್ಲ.

ಆದುದರಿಂದ ನಿನಗೆ ನಾನು ಹೇಳುವುದು ಇಷ್ಟು: ಇಡೀ ಜೀವನವನ್ನು ಒಂದೇ ಅವಧಿಯಲ್ಲಿ ಓದಿಸಲು ಹೋಗಬೇಡ. ಒಂದು ಸಣ್ಣ ಪ್ರಸಂಗವನ್ನು ಆರಿಸಿಕೊಂಡು, ಹತ್ತು ಹನ್ನೆರಡು ವಾಕ್ಯಗಳಲ್ಲಿ ನೀನೇ ಬರೆದು, ಅದರಲ್ಲಿ ಮೂರು ದಿನ ನಿಲ್ಲು. ಉದಾಹರಣೆಗೆ ನಮ್ಮ ಸೀಮೆಯ ಹಿಂದೂಸ್ತಾನಿ ಗಾಯಕ ಪಂಡಿತ ಭೀಮಸೇನ ಜೋಶಿಯವರನ್ನೇ ತೆಗೆದುಕೋ. 1922ರ ಫೆಬ್ರವರಿ 4ರಂದು ಅವರು ಹುಟ್ಟಿದಾಗ ಗದಗವಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಗುರುರಾಜ ಜೋಶಿಯವರು ಶಾಲೆಯ ಮಾಸ್ತರರು. ಹುಡುಗನಿಗೆ ಬಾಜಾಬಜಂತ್ರಿಯ, ಭಜನೆಯ ಸದ್ದು ಕೇಳಿದರೆ ಸಾಕು, ಮೆರವಣಿಗೆಯ ಬೆನ್ನು ಹತ್ತಿ ಹೋಗಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರಂತೆ. ಕಂಡವರು ಮನೆಗೆ ತಂದು ಬಿಡತೊಡಗಿದರಂತೆ.

ಇದನ್ನು ಮೊದಲು ನೀನೇ ಗಟ್ಟಿಯಾಗಿ ಓದಿ ಹೇಳು; ಆಮೇಲೆ ಮಕ್ಕಳು ಓದಲಿ. ‘ಅಂಗಿಯ ಮೇಲೆ ಏನು ಬರೆದಿದ್ದರು?’ ಎಂದು ಕೇಳಿದರೆ ಎಲ್ಲರೂ ಸಾಲಿನ ಮೇಲೆ ಬೆರಳಿಟ್ಟು ಉತ್ತರ ಕೊಡುತ್ತಾರೆ. ಅದು ಬೇಕು, ಆದರೆ ಅಲ್ಲಿಗೇ ನಿಲ್ಲಬೇಡ. ‘ಹುಡುಗನ ಹೆಸರು ಬರೆಯದೆ ತಮ್ಮ ಹೆಸರನ್ನೇಕೆ ಬರೆದರು?’ ಎಂದು ಕೇಳಿ ನೋಡು. ಇದರ ಉತ್ತರ ಯಾವ ಸಾಲಿನಲ್ಲಿಯೂ ಇಲ್ಲ. ಮಾಸ್ತರರನ್ನು ಊರೆಲ್ಲ ಬಲ್ಲದು, ಹುಡುಗನನ್ನು ಬಲ್ಲವರು ಕಡಿಮೆ ಎಂಬುದನ್ನು ಮಕ್ಕಳು ಮೂರ್ನಾಲ್ಕು ವಾಕ್ಯಗಳನ್ನು ಕೂಡಿಸಿ ತಾವೇ ತೆಗೆಯಬೇಕು. ಕೇಳಿದ ಮೇಲೆ ಸುಮ್ಮನಿರು. ನಮ್ಮ ಮಾಸ್ತರ ಮಂದಿಗೆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನು ನಾವೇ ಹೇಳಿ ಮುಗಿಸಿರುತ್ತೇವೆ.

ಕನ್ನಡದ ಜೀವನಚರಿತ್ರೆಯಲ್ಲಿ ಮಕ್ಕಳನ್ನು ಎಡವಿಸುವ ಕಲ್ಲೊಂದಿದೆ. ದೊಡ್ಡವರಾದ ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಗೌರವಕ್ಕಾಗಿ ನಾವು ಎಲ್ಲರನ್ನೂ ‘ಅವರು’ ಎನ್ನುತ್ತೇವೆ. ‘ಅವರು ಅವರನ್ನು ಹುಡುಕಿಕೊಂಡು ಹೋದರು’ ಎಂದಾಗ ಹೋದವರು ತಂದೆಯೋ ಮಗನೋ, ಒಬ್ಬರೋ ಹಲವರೋ ಎಂಬುದು ಎಂಟೊಂಬತ್ತು ವರ್ಷದ ಕೂಸಿಗೆ ಹೇಗೆ ತಿಳಿಯಬೇಕು? ಎಷ್ಟೋ ವಾಕ್ಯಗಳಲ್ಲಿ ಕರ್ತೃಪದವೇ ಇರುವುದಿಲ್ಲ. ‘ಹೋದರು’, ‘ಕಲಿತರು’ ಎಂಬ ಕ್ರಿಯಾಪದ ಮಾತ್ರ ಇರುತ್ತದೆ. ಓದುತ್ತಿರುವಾಗಲೇ ನಡುನಡುವೆ ನಿಲ್ಲಿಸಿ, ‘ಈ ಅವರು ಯಾರು?’ ಎಂದು ಕೇಳುತ್ತಾ ಹೋಗು. ಅರ್ಥವಾಗದ ಮಕ್ಕಳಲ್ಲಿ ಹಲವರು ಕಠಿಣ ಶಬ್ದದಿಂದಲ್ಲ, ಈ ‘ಅವರು’ ಎಂಬ ಸುಲಭದ ಶಬ್ದದಿಂದಲೇ ದಾರಿ ತಪ್ಪಿರುತ್ತಾರೆಂಬುದು ನನ್ನ ಅನುಭವ.

ಶಬ್ದಗಳ ವಿಷಯಕ್ಕೆ ಬಂದರೆ, ಪಾಠದ ಕೊನೆಯಲ್ಲಿ ಇಪ್ಪತ್ತು ಪದಗಳಿಗೆ ಅರ್ಥ ಬರೆಸುವ ಪದ್ಧತಿಯನ್ನು ನೀನು ಕೈಬಿಟ್ಟರೂ ನಷ್ಟವಿಲ್ಲ. ನಾಲ್ಕೈದು ಶಬ್ದ ಸಾಕು, ಆದರೆ ಅವುಗಳನ್ನು ಉತ್ತು ಹರಗಿ ಹದಮಾಡು. ‘ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟರು’ ಎಂಬಲ್ಲಿನ ‘ಬಿಡು’ ಎಂಬುದನ್ನೇ ನೋಡು. ಸಾಲಿ ಬಿಟ್ಟಿತು, ದನ ಬಿಟ್ಟರು, ಚಟ ಬಿಟ್ಟರು, ಮಗನನ್ನು ಮನೆಗೆ ತಂದು ಬಿಟ್ಟರು. ಪ್ರತಿಯೊಂದರಲ್ಲಿಯೂ ಅರ್ಥ ಬೇರೆ, ಎಲ್ಲವೂ ಮಕ್ಕಳಿಗೆ ಗೊತ್ತಿರುವವೇ. ‘ಸಾಧನೆ’ ಬಂದಾಗ ಸಾಧಿಸು, ಸಾಧಕ, ಸಾಧ್ಯ, ಅಸಾಧ್ಯ ಎಂದು ಆ ಶಬ್ದದ ಮನೆತನವನ್ನೆಲ್ಲ ಕರೆ. ಯಾರಾದರೂ ‘ಹಟ ಸಾಧಿಸೋದು’ ಎಂದರೆ ಬೈಯಬೇಡ, ಅವರು ಸರಿಯಾದ ದಾರಿಯಲ್ಲಿಯೇ ಇದ್ದಾರೆ. ‘ತಾಲೀಮು’ ನಮ್ಮ ಹಳ್ಳಿಯ ಮಕ್ಕಳಿಗೆ ಗರಡಿಮನೆಯಿಂದಲೋ ಜಾತ್ರೆಯ ನಾಟಕದಿಂದಲೋ ಮೊದಲೇ ಪರಿಚಯವಾಗಿರುತ್ತದೆ. ಗುರುವಿನ ಎದುರು ಕುಳಿತು ಹಾಡು ಕಲಿಯುವುದಕ್ಕೂ ಅದೇ ಹೆಸರೆಂದರೆ ಅವರ ಕಣ್ಣು ಅರಳುತ್ತವೆ. ‘ಕಿರಾಣಾ ಘರಾಣೆ’ ಎಂದಾಗ ಮಾತ್ರ ಕಿರಾಣಿ ಅಂಗಡಿ ನೆನಪಾಗಿ ನಗು ಬರುವುದು ಖಂಡಿತ. ನಗಲಿ. ಅದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನ ಹೆಸರಿನಿಂದ ಬಂದ ಗಾಯನ ಪರಂಪರೆಯೆಂದು ಆಮೇಲೆ ಹೇಳು. ನಕ್ಕು ಕಲಿತ ಶಬ್ದವನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ಮೂರನೆಯ ದಿನ ಭಾರತದ ನಕ್ಷೆಯನ್ನು ಗೋಡೆಗೆ ತೂಗುಹಾಕು. 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಆ ಹುಡುಗ ರೈಲು ಹತ್ತಿ ಸಾವಿರ ಕಿಲೋಮೀಟರಿಗೂ ಆಚೆಯ ಗ್ವಾಲಿಯರವರೆಗೆ ಹೋದ, ಪಂಜಾಬಿನ ಜಲಂಧರದಲ್ಲಿಯೂ ಇದ್ದ. ಅಲ್ಲಿ ಭೇಟಿಯಾದ ಗಾಯಕ ವಿನಾಯಕರಾವ್ ಪಟವರ್ಧನರು, ನಿಮ್ಮ ಊರಿನ ಹತ್ತಿರವೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿಗೆ ಹೋಗು ಎಂದರು. ಊರಿಗೆ ಮರಳಿದ ಮೇಲೆ 1936ರಲ್ಲಿ ಕುಂದಗೋಳದಲ್ಲಿ ಶಿಷ್ಯವೃತ್ತಿ ಆರಂಭವಾಯಿತು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರೂ ರೈಲಿನಲ್ಲಿ ಅದೇ ಗುರುಗಳ ಹತ್ತಿರ ಕಲಿಯಲು ಬರುತ್ತಿದ್ದರು. ಮಕ್ಕಳು ಊರುಗಳಿಗೆ ದಾರ ಜೋಡಿಸಲಿ, ಮೊದಲು ಯಾವುದು, ಆಮೇಲೆ ಯಾವುದು ಎಂದು ತಾವೇ ಹೇಳಲಿ. ಬಳಿಕ ಕೇಳು: ಗುರು ಕುಂದಗೋಳದಲ್ಲಿಯೇ ಇದ್ದಮೇಲೆ ಅಷ್ಟು ದೂರ ಹೋದದ್ದು ವ್ಯರ್ಥವಾಯಿತೇ? ತರಗತಿ ಎರಡು ಪಕ್ಷವಾಗುತ್ತದೆ. ನೀನು ತೀರ್ಪು ಕೊಡಬೇಡ. ‘ಹಾಗೆಂದು ಯಾವ ಸಾಲಿನಿಂದ ಗೊತ್ತಾಯಿತು?’ ಎಂದು ಮಾತ್ರ ಇಬ್ಬರನ್ನೂ ಕೇಳುತ್ತಿರು.

ಇನ್ನೊಂದು ಮಾತು. ಊಟದಲ್ಲಿ ಇನ್ನಷ್ಟು ತುಪ್ಪ ಹಾಕಲಿಲ್ಲವೆಂದು ಸಿಟ್ಟಾಗಿ ಹುಡುಗ ಮನೆ ಬಿಟ್ಟನೆಂದು ಹೇಳುವವರಿದ್ದಾರೆ. ಮಕ್ಕಳಿಗೆ ಈ ಕಥೆ ಬಲು ಸೇರುತ್ತದೆ, ಹೇಳು. ಆದರೆ ‘ಹೋದನಂತೆ’ ಎಂಬುದಕ್ಕೂ ‘ಹೋದನು’ ಎಂಬುದಕ್ಕೂ ಇರುವ ಅಂತರವನ್ನು ಅಲ್ಲಿಯೇ ತೋರಿಸು. ಅಂಗಿಯ ಪ್ರಸಂಗದಲ್ಲಿ ನಾನೂ ‘ಅಂತೆ’ ಎಂದೇ ಬರೆದಿದ್ದೇನೆ, ಗಮನಿಸಿರಬಹುದು. 2008ರಲ್ಲಿ ಘೋಷಣೆಯಾದ ಭಾರತರತ್ನದ ಮಾತು ಎಲ್ಲಕ್ಕಿಂತ ಕೊನೆಗಿರಲಿ. ಮೊದಲೇ ಹೇಳಿದರೆ ಮಕ್ಕಳಿಗೆ ಹುಡುಗನ ಮೇಲಿನ ಕುತೂಹಲ ಹೋಗಿ ಬರೀ ಭಕ್ತಿ ಉಳಿಯುತ್ತದೆ.

ಪಾಠ ಮುಗಿದ ಮೇಲೆ ಪ್ರತಿಯೊಬ್ಬರೂ ಮನೆಯ ಹಿರಿಯರೊಬ್ಬರನ್ನು ಅವರ ಬಾಲ್ಯದ ಒಂದೇ ಒಂದು ಘಟನೆ ಕೇಳಿ, ಐದು ವಾಕ್ಯ ಬರೆದು ತರಲಿ. ಕಾಗುಣಿತದ ತಪ್ಪುಗಳಿಗೆ ಆ ದಿನ ಕೆಂಪು ಶಾಯಿ ಮುಟ್ಟಬೇಡ.

ನನ್ನ ಹತ್ತಿರವಿರುವ ದೊಡ್ಡ ನಕ್ಷೆಯ ಅಂಚು ಹರಿದಿದ್ದರೂ ಊರುಗಳೆಲ್ಲ ಸ್ಪಷ್ಟವಾಗಿವೆ. ಮುಂದಿನ ವಾರ ನಿನ್ನ ತಮ್ಮ ಆ ಕಡೆ ಬರುವಾಗ ಕೊಟ್ಟು ಕಳಿಸುತ್ತೇನೆ. ಅಂಗಿಯ ಮೇಲಿನ ಬರಹದ ಪ್ರಶ್ನೆಗೆ ನಿನ್ನ ಮಕ್ಕಳು ಏನೆಂದರು ಎಂಬುದನ್ನು ಅವರದೇ ಮಾತಿನಲ್ಲಿ, ತಿದ್ದದೆ, ನನಗೆ ಬರೆದು ತಿಳಿಸು.

ಇತಿ ನಿನ್ನ ಕಾಕಾ