ತಲುಪದೆ ಹೋದರೆ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ಇಷ್ಟೆಲ್ಲ ಓದಿ ಬರೆದದ್ದು ಯಾರಿಗೂ ತಲುಪದೆ ಹೋದರೆ ಏನು ಮಾಡಲಿ ಮಾವ?" ಅಂತ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಕಾನೂನು ಪಂಡಿತ ಉಪೇಂದ್ರ ಬಕ್ಷಿ ಅವರ ದಾರಿ ಹಿಡಿಯಬೇಕು ಅಂದಿದ್ದೀಯ. ಅವರು ದೆಹಲಿಯಲ್ಲಿ ಕುಲಪತಿ ಆಗಿದ್ದು, ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದು ನನಗೆ ಅಷ್ಟು ಮುಖ್ಯವಲ್ಲ. ನೆನಪಾಗುವುದು 1979ರ ಆ ಬಹಿರಂಗ ಪತ್ರ. ಮಥುರಾ ಅನ್ನುವ ಆದಿವಾಸಿ ಹುಡುಗಿ, 1972ರಲ್ಲಿ ಠಾಣೆಯೊಳಗೇ ಅತ್ಯಾಚಾರ. ಮೈಮೇಲೆ ಗಾಯ ಇಲ್ಲ ಅನ್ನುವುದನ್ನೇ ಹಿಡಿದು ಸುಪ್ರೀಂ ಕೋರ್ಟು 1978ರಲ್ಲಿ ಇಬ್ಬರು ಪೊಲೀಸರನ್ನೂ ಬಿಟ್ಟಿತು. ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ್ ಕೇಳ್ಕರ್, ನಾಲ್ವರು ಕಾನೂನು ಅಧ್ಯಾಪಕರು ಸೇರಿ ನೇರ ಮುಖ್ಯ ನ್ಯಾಯಮೂರ್ತಿಗೇ ಬರೆದರು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಅಲ್ವಾ ಅಂತ.

ಆ ಪತ್ರ ತಲುಪಿತಾ? ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಮಥುರಾ ಪಾಲಿಗೆ ಮಾತ್ರ ತೀರ್ಪು ಹಾಗೇ ಉಳಿಯಿತು. ಅತ್ಯಾಚಾರಕ್ಕೆ ಒಳಗಾದವರ ಹೆಸರು ಅಚ್ಚು ಮಾಡಬಾರದು ಅನ್ನುವ ನಿಯಮ ಬಂದಿದ್ದೂ ಆಗಲೇ. ಅಷ್ಟರಲ್ಲಿ ಅವಳ ಹೆಸರು ದೇಶಕ್ಕೆಲ್ಲ ಗೊತ್ತಾಗಿಹೋಗಿತ್ತು. ನಿನ್ನ ಭಯ ಸುಳ್ಳು ಅಂತ ಯಾವ ಬಾಯಲ್ಲಿ ಹೇಳಲಿ?

ಆ ಕಾಲಕ್ಕೆ ನಾನು ಒಬ್ಬ ಸೀನಿಯರ್ ವಕೀಲರ ಹತ್ತಿರ ಫೈಲು ಹೊರುತ್ತಿದ್ದೆ. ಒಂದು ದಿನ ಹೆಂಗಸೊಬ್ಬಳು ಬಂದಳು. ಗಂಡನನ್ನು ಠಾಣೆಗೆ ಕರೆದೊಯ್ದು ಮೂರು ದಿನ, ಇನ್ನೂ ಬಿಟ್ಟಿಲ್ಲ ಅಂದಳು. ಸೀನಿಯರ್ "ಕೈ ಹಾಕಬೇಡ" ಅಂದರು. ರಾತ್ರಿ ಕೂತು ಅರ್ಜಿ ಬರೆದೆ. ಚೆನ್ನಾಗಿಯೇ ಬರೆದಿದ್ದೆ. ಕೊಡಲಿಲ್ಲ. ಯಾರು ಓದುತ್ತಾರೆ ಅನ್ನಿಸಿತು, ಈಗ ನಿನಗೆ ಅನ್ನಿಸುತ್ತಿದೆಯಲ್ಲ, ಹಾಗೇ. ಅವಳು ಮತ್ತೆ ಬರಲಿಲ್ಲ.

1981ರಲ್ಲಿ ಬಕ್ಷಿ, ಲೋತಿಕಾ ಮತ್ತೆ ಕಾಗದ ಬರೆದರು. ಆಗ್ರಾದ ರಕ್ಷಣಾಗೃಹದಲ್ಲಿ ಹೆಂಗಸರು ಪಡುತ್ತಿದ್ದ ಪಾಡಿನ ಬಗ್ಗೆ. ಸುಪ್ರೀಂ ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ, ಅಂದರೆ ಹಕ್ಕಿಗಾಗಿ ನೇರ ಕೋರ್ಟಿಗೆ ಹಾಕುವ ಅರ್ಜಿ, ಅಂತ ತೆಗೆದುಕೊಂಡಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಸಾಧ್ಯವಾದರೆ ವಾರಕ್ಕೊಂದು ದಿನ ಕಾನೂನು ನೆರವು ಕೇಂದ್ರದಲ್ಲಿ ಕೂತು ನೋಡು. ಕನ್ನಡದಲ್ಲಿ ಬರೆಯುವುದನ್ನೂ ಬಿಡಬೇಡ. ತಲುಪುತ್ತದೆ ಅಂತ ಮಾತು ಕೊಡಲಾರೆ. ನಾನು ಕಳಿಸಿಯೇ ನೋಡಲಿಲ್ಲವಲ್ಲ.

ಆ ಅರ್ಜಿ ಈಗಲೂ ಟ್ರಂಕಿನಲ್ಲಿದೆ. ನಿನ್ನ ಅತ್ತೆಗೂ ತೋರಿಸಿಲ್ಲ. ದೀಪಾವಳಿಗೆ ಬಂದಾಗ ತೆಗೆದು ಕೊಡುತ್ತೇನೆ, ಒಮ್ಮೆ ಓದು.

ನಿನ್ನ ಮಾವ